ಬಂದೂಕಿನ ಮೈಮ್ಯಾಲಿನ ಅಕ್ಷರ

ನಮ್ಮ ಮನಿಯೊಳಗಿನ ಹಳೇ ಹಿತ್ತಾಳಿ ಕೊಡ, ತಾಮ್ರದ ಹಂಡೆ ತಿರುವಿ ನೋಡಿದ್ರ ಏನರೆ ಒಂದು ಹೆಸರು ಇದ್ದ ಇರತದ. ಯಾರ ಮದುವಿಗೆ ಯಾರು ಕೊಟ್ಟದ್ದು, ಯಾವ ಊರು, ಯಾವ ಇಸವಿ ಅಂತ ಸಣ್ಣ ಉಳಿ ಹಿಡದು ಹೊಡಸಿರತಾರ. ಕೊಟ್ಟವರು ಹೋಗಿ ಎಷ್ಟೋ ವರ್ಷ ಆದ್ರೂ "ಇದು ನಿಮ್ಮ ತವರಿಂದಲ್ಲ, ನಮ್ಮ ಸಣ್ಣ ಕಾಕೂಂದು" ಅನ್ನೋ ಜಗಳ ಹರಿಯೋದು ಆ ಅಕ್ಷರದಿಂದನ. ಸೈನ್ಯದ ಹಳೇ ರೈಫಲ್ಲೂ ಹಂಗ. ಎಲ್ಲೆ ಹುಟ್ಟಿತು, ಯಾವ ರಾಜನ ಕಾಲಕ್ಕ, ಯಾವ ಪಲ್ಟನ್ನಿಗೆ ಹೋತು, ಯಾವಾಗ ಸೈನ್ಯದಿಂದ ಹೊರಗ ಬಿತ್ತು ಅನ್ನೋದು ಅದರ ಕಬ್ಬಿಣದ ಮ್ಯಾಲೆ, ಕಟಗಿ ಮ್ಯಾಲೆ ಬರದಿರತದ.

ಹೆಣ್ಣುಮಕ್ಕಳಿಗೆ ಬಂದೂಕಿನ ಉಸಾಬರಿ ಯಾಕ ಅಂತ ಕೇಳಬಹುದು. ಎರಡು ಕಾರಣ ಅವ. ಒಂದು, ನಮ್ಮ ಮಂದಿ ಕೈಯಾಗ ಶಸ್ತ್ರ ಕೊಡಬೇಕೋ ಬ್ಯಾಡೋ ಅಂತ ಆಳೋರು ನೂರು ವರ್ಷ ಮಾಡಿದ ಲೆಕ್ಕಾಚಾರ ಈ ಬಂದೂಕಿನ ಮ್ಯಾಲೆ ಅದ. ಎರಡನೇದು, ಗಂಡಸರು ತೀರಿಕೊಂಡ ಮ್ಯಾಲೆ ಮನಿಯೊಳಗ ಉಳಿಯೋ ಬಂದೂಕಿನ ಜವಾಬ್ದಾರಿ ಬೀಳೋದು ನಮ್ಮ ತಲಿ ಮ್ಯಾಲೆನ. ಅದರ ಮಾತು ಕಡೀಕ ಹೇಳತೀನಿ.

ಮೊದಲು ಇಂಥಾ ಬಂದೂಕು ಮಾರಾಟಕ್ಕ ಹೆಂಗ ಬರತಾವ ನೋಡೋಣ. ಸೈನ್ಯಕ್ಕ ಹೊಸಾ ನಮೂನಿ ಬಂದ ಕೂಡ್ಲೆ ಹಳೇದು ಬ್ಯಾಡ ಆಗತದ. ಅದನ್ನ ಕರಗಸತಾರ, ಇಲ್ಲಾ ಉಗ್ರಾಣದಾಗ ಒಟ್ಟತಾರ, ಇಲ್ಲಾ ವ್ಯಾಪಾರಸ್ಥರಿಗೆ ಮಾರತಾರ. ಇದಕ್ಕ ಮಿಲಿಟರಿ ಸರ್ಪ್ಲಸ್ ಅನ್ನತಾರ. ಅಮೆರಿಕಾ, ಇಂಗ್ಲೆಂಡ್ ಕಡೆ ಇದನ್ನ ಕೊಂಡು ಕೂಡಿಡೋ ಹವ್ಯಾಸ ಭಾಳ ಮಂದಿಗೆ ಅದ, ನಾವು ಹಳೇ ಸೀರಿ, ಹಳೇ ನಾಣ್ಯ ಕೂಡಿಟ್ಟಂಗ. ನಮ್ಮ ನೆರೆಯ ನೇಪಾಳದಾಗ, ಕಾಠ್ಮಂಡುವಿನ ಲಗನ್ ಸಿಲೆಖಾನಾ ಅನ್ನೋ ಹಳೇ ಅರಮನಿಯೊಳಗ, ಐವತ್ತು ಸಾವಿರದಷ್ಟು ಹಳೇ ಬಂದೂಕು ಧೂಳು ತಿಂತಾ ಬಿದ್ದಿದ್ದವು. 2003ರಾಗ ಅಮೆರಿಕಾದ ವ್ಯಾಪಾರಸ್ಥರು ಅವನ್ನೆಲ್ಲಾ ಒಟ್ಟಿಗೆ ಕೊಂಡು ಹಡಗಿನಾಗ ಹಾಕ್ಕೊಂಡು ಹೋದ್ರು. ಅವರಾಗ ಕೆಲವಕ್ಕ ದೇವನಾಗರಿ ಅಂಕಿ ಹೊಡದಿದ್ರು. ಆ ಅಂಕಿ ನೋಡೇ ಇದು ನೇಪಾಳದ್ದು ಅಂತ ಈಗಲೂ ಗುರ್ತು ಹಿಡೀತಾರ.

ನಾನು ಹೇಳಬೇಕಂತಿರೋದು ಎನ್‌ಫೀಲ್ಡ್ ಅನ್ನೋ ಮನೆತನದ ಬಂದೂಕಿನ ಕಥಿ. ಆ ಹೆಸರು ನಿಮಗ ಹೊಸಾದಲ್ಲ. ಓಣ್ಯಾಗ ಡಬ್ ಡಬ್ ಅಂತ ಬರೋ ಬುಲೆಟ್ ಗಾಡಿ ಮ್ಯಾಲೆ ರಾಯಲ್ ಎನ್‌ಫೀಲ್ಡ್ ಅಂತ ಇರತದಲ್ಲ, ಅದು ಇದರ ಬಳಗನ. ಎನ್‌ಫೀಲ್ಡ್ ಅಂದ್ರ ಲಂಡನ್ನಿನ ಉತ್ತರಕ್ಕಿರೋ ಒಂದು ಊರು. ಅಲ್ಲೆ ಸರಕಾರಿ ಬಂದೂಕಿನ ಕಾರಖಾನಿ ಇತ್ತು. ಆ ಕಾರಖಾನಿಗೆ ಬಿಡಿಭಾಗ ಮಾಡಿಕೊಡತಿದ್ದ ಸೈಕಲ್ ಕಂಪನಿ ಮುಂದ ಆ ಹೆಸರು ಇಟಗೊಂಡು ಮೋಟಾರ್ ಸೈಕಲ್ ಮಾಡಿತು. ಅದಕ್ಕ ಅವರ ಗುರ್ತು ತೋಪು. ನಾವು ಹುಡಿಗೇರು ಇದ್ದಾಗ ಹತ್ತತಿದ್ದ ಬಿ.ಎಸ್.ಎ. ಸೈಕಲ್ಲಿನ ಹೆಸರೂ ಬಂದೂಕಿಂದನ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಅಂತ ಅದರ ಪೂರ್ತಿ ಹೆಸರು. ಆ ಇಂಗ್ಲೆಂಡಿನ ಕಂಪನಿಯ ಗುರ್ತು ಮೂರು ಬಂದೂಕು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದು.

ಎನ್‌ಫೀಲ್ಡಿನ 1853ರ ಬಂದೂಕು ನಮ್ಮ ದೇಶಕ್ಕ ಬಂದದ್ದು 1857ರ ಹೊತ್ತಿಗೆ. ಮುಂದಿನ ಬಾಯಿಂದ ಮದ್ದು ತುಂಬೋ ಬಂದೂಕದು. ಮದ್ದು, ಗುಂಡು ಎರಡೂ ಒಂದು ಕಾಗದದ ಸುರಳಿಯೊಳಗ ಇರತಿದ್ದವು. ಅದಕ್ಕ ಕಾಡತೂಸು ಅನ್ನತಾರ. ಸಿಪಾಯಿ ಅದರ ತುದಿ ಹಲ್ಲಿನಿಂದ ಕಚ್ಚಿ ಹರದು ಮದ್ದು ಸುರೀಬೇಕು. ಕಾಗದಕ್ಕ ಹಚ್ಚಿದ್ದು ಆಕಳ ಕೊಬ್ಬು, ಹಂದಿ ಕೊಬ್ಬು ಅಂತ ಸುದ್ದಿ ಹಬ್ಬಿ ಏನಾತು ಅನ್ನೋದು ನಾವೆಲ್ಲಾ ಸಾಲ್ಯಾಗ ಓದೀವಿ. ಬಂಗಾಳದ ಬಾರಕ್‌ಪುರದಾಗ ಮಂಗಲ್ ಪಾಂಡೆ ಎದ್ದು ನಿಂತದ್ದು 1857ರ ಮಾರ್ಚ್ 29ಕ್ಕ. ಬಾರಕ್‌ಪುರದ ಹೆಸರು ನೆನಪಿಟಗೋರಿ, ಮುಂದ ಬೇಕಾಗತದ.

ಅದ ವರ್ಷ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂತು. ಮಂದಿ ತಮ್ಮಲ್ಲಿರೋ ಆಯುಧ ತಂದು ಒಪ್ಪಿಸಬೇಕು ಅಂತ. ನಮ್ಮ ಮುಧೋಳ ಸೀಮಿಯ ಹಲಗಲಿ ಬೇಡರು ಅದಕ್ಕ ಒಪ್ಪಲಿಲ್ಲ. ಬ್ಯಾಟಿ, ಕಾವಲು, ಸೈನ್ಯದ ಚಾಕರಿ, ಇವನ್ನ ನಂಬಿ ಬದುಕೋ ಮಂದಿಗೆ ಹತ್ಯಾರ ಕೊಟ್ರ ಉಳಿಯೋದೇನು? ನಮ್ಮ ಕೈಯಾಗಿನ ಒಳ್ಳು, ಬೀಸೂಕಲ್ಲು ಕಸಗೊಂಡಂಗ. ನವೆಂಬರದ ಕಡೀಕ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಸಿಕ್ಕವರಾಗ ಹಲವರನ್ನ ಗಲ್ಲಿಗೆ ಹಾಕಿದ್ರು. ಹಲಗಲಿ ಬೇಡರ ಲಾವಣಿ ನಮ್ಮ ಮಕ್ಕಳ ಸಾಲಿ ಪುಸ್ತಕದಾಗೂ ಬಂದದ.

ಈಗ ಬಂದೂಕು ಗುರ್ತು ಹಿಡಿಯೋದರೊಳಗ ನನಗ ಎಲ್ಲಾಕಿಂತ ಕಹಿ ಅನಿಸಿದ ಮಾತು ಕೇಳ್ರಿ. 1857 ಮುಗದ ಮ್ಯಾಲೆ ಬ್ರಿಟಿಷರು ನಮ್ಮ ಸಿಪಾಯಿಗಳಿಗೆ 1858ರ ನಮೂನಿ ಅಂತ ಒಂದು ಬಂದೂಕು ಕೊಟ್ರು. ಹೊರಗಿಂದ ನೋಡಿದ್ರ ಅದ ಎನ್‌ಫೀಲ್ಡು. ಅದ ಉದ್ದ, ಅದ ಕಟಗಿ, ನಳಗಿ ಸುತ್ತ ಅವ ಮೂರು ಪಟ್ಟಿ. ಆದ್ರ ನಳಗಿಯೊಳಗ ಇಣುಕಿ ನೋಡಿದ್ರ ಒಳಗಿನ ಗೋಡಿ ನುಣ್ಣಗ. ಗೋರಾ ಸೈನಿಕನ ರೈಫಲ್ಲಿನೊಳಗ ಸುರುಳಿ ಸುರುಳಿ ಗೀರು ಇರತಾವ, ಅದರಿಂದ ಗುಂಡು ತಿರುಗಿಕೋತ, ನೆಟ್ಟಗ, ದೂರ ಹೋಗತದ. ನುಣ್ಣನೆ ನಳಗ್ಯಾಗಿನ ಗುಂಡು ಸ್ವಲ್ಪ ದೂರ ಹೋಗಿ ಎತ್ತಾಗರೆ ಬೀಳತದ. ಗುರಿ ನೋಡೋ ಪಟ್ಟಿನೂ ದೂರಕ್ಕ ಎತ್ತರಿಸಲಿಕ್ಕೆ ಬರದಂಗ ಗಟ್ಟಿಯಾಗಿ ಕೂಡಸಿದ್ರು. ಅಂದ್ರ ಪಂಕ್ತಿಯೊಳಗ ಕೂಡಸಿ, ಎಲ್ಲಾರಿಗೂ ಒಂದ ನಮೂನಿ ಎಲಿ ಹಾಕಿ, ಒಬ್ಬರಿಗೆ ತುಪ್ಪದ ಹೋಳಿಗಿ ಇನ್ನೊಬ್ಬರಿಗೆ ಬರೇ ಕಣಕ ಬಡಿಸಿದಂಗ. ಇವತ್ತ ಆ ಬಂದೂಕು ಕೈಗೆ ಸಿಕ್ಕ ಸಂಗ್ರಹಕಾರರು ಮೊದಲು ಮಾಡೋ ಕೆಲಸ, ಬೆಳಕು ಬಿಟ್ಟು ನಳಗಿಯ ಒಳಗ ನೋಡೋದು. ಗೀರು ಇದ್ರ ಗೋರಾ ಪಲ್ಟನ್ನಿಂದು, ಇಲ್ಲದಿದ್ರ ನಮ್ಮವರದು ಅನ್ನೋ ಮಾತು ಹೆಚ್ಚು ಕಡಿಮಿ ಖರೇನ.

ಆಮ್ಯಾಲೂ ಇದ ರೀತಿ ನಡೀತು. ದೊಡ್ಡ ಮಗಳ ಫ್ರಾಕು ಸಣ್ಣವಳಿಗೆ ಬಂದಂಗ, ಗೋರಾ ಸೈನ್ಯಕ್ಕ ಹೊಸಾದು ಬಂದ್ರ ಅವರು ಬಿಟ್ಟ ಹಳೇದು ನಮ್ಮವರಿಗೆ. 1878ಕ್ಕ ಶಸ್ತ್ರ ಕಾಯ್ದೆ ಬಂದು ಸಾಮಾನ್ಯ ಮಂದಿ ಲೈಸೆನ್ಸ್ ಇಲ್ಲದ ಬಂದೂಕು ಇಡೋ ಹಂಗಿಲ್ಲ ಅಂತಾತು. 1914ರಾಗ ಮಹಾಯುದ್ಧ ಸುರು ಆಗಿ ನಮ್ಮ ಸಿಪಾಯಿಗಳು ಫ್ರಾನ್ಸಿಗೆ ಹೋದಾಗ, ಮಾರ್ಸೇಲ್ಸ್ ಬಂದರದಾಗ ಇಳದ ಮ್ಯಾಲೆ ಅವರ ಕೈಗೆ ಹೊಸಾ ನಮೂನಿ ರೈಫಲ್ ಕೊಟ್ರು. ಸಾಯೋ ಜಾಗಾಕ್ಕ ಬಂದಾಗ ಒಳ್ಳೇದು ಸಿಕ್ಕಿತು.

ಆ ಹೊಸಾ ನಮೂನಿನ ಲೀ-ಎನ್‌ಫೀಲ್ಡ್. ನಾವು ಸಿನಿಮಾದಾಗ, ಪೊಲೀಸರ ಹೆಗಲ ಮ್ಯಾಲೆ ನೋಡಿ ಬೆಳದ "ತ್ರೀ ನಾಟ್ ತ್ರೀ" ಇದನ. ಸ್ಕಾಟ್ಲೆಂಡಿನಾಗ ಹುಟ್ಟಿ, ಕೆನಡಾದಾಗ ಬೆಳದು, ಅಮೆರಿಕಾದಾಗ ದುಡದ ಜೇಮ್ಸ್ ಪ್ಯಾರಿಸ್ ಲೀ ಅನ್ನಾವ ಇದರ ಯಂತ್ರ ಕಂಡು ಹಿಡದಾವ. ಅದಕ್ಕ ಮುಂದಿನ ಲೀ. ನಳಗಿಯ ಅಳತಿ ಪಾಯಿಂಟ್ 303 ಇಂಚು, ಅಂದ್ರ 7.7 ಮಿಲಿಮೀಟರ್. ಹೊಟ್ಟಿಯೊಳಗ 10 ಕಾಡತೂಸು ಹಿಡೀತಾವ. ತೂಕ ಸುಮಾರು 4 ಕಿಲೋ. 1895ಕ್ಕ ಮೊದಲನೇದು ಬಂತು. ಅದು ಉದ್ದ ಇತ್ತು. ಕಾಲಾಳಿಗೂ ಕುದರಿ ಸವಾರಗೂ ಒಂದ ನಡೀಲಿ ಅಂತ ಸ್ವಲ್ಪ ಮೊಟಕು ಮಾಡಿದ್ರು. 1907ರಾಗ ಬಂದ "ಮಾರ್ಕ್ ಮೂರು" ಅನ್ನೋದು ಎಲ್ಲಾಕಿಂತ ಹೆಸರಾತು.

ಇದನ್ನ ನಮ್ಮ ದೇಶದಾಗ ಮಾಡಿದ್ದು ಇಶಾಪುರದ ರೈಫಲ್ ಕಾರಖಾನಿ. ಇಶಾಪುರ ಇರೋದು ಹೂಗ್ಲಿ ನದಿ ದಂಡಿ ಮ್ಯಾಲೆ, ಆಗ ಹೇಳಿದ ಬಾರಕ್‌ಪುರದ ಮಗ್ಗಲದಾಗ. 1787ರಿಂದ ಅಲ್ಲೆ ಕಂಪನಿ ಸರಕಾರದ ಮದ್ದಿನ ಕಾರಖಾನಿ ಇತ್ತು, ಆ ಜಾಗಾದಾಗ 1904ಕ್ಕ ರೈಫಲ್ ಕಾರಖಾನಿ ಹುಟ್ಟಿತು. ಎನ್‌ಫೀಲ್ಡ್ ಕಾಡತೂಸು ಕಚ್ಚಲಿಕ್ಕೆ ಒಲ್ಲೆ ಅಂದ ಸಿಪಾಯಿ ಎದ್ದು ನಿಂತ ಊರಿನ ಬಾಜೂಕ, ಐವತ್ತು ವರ್ಷ ಕಳಿಯೂದರೊಳಗ, ನಮ್ಮವರ ಕೈಯಿಂದನ ಎನ್‌ಫೀಲ್ಡ್ ಮಾಡಸಲಿಕ್ಕೆ ಹತ್ತಿದ್ರು.

ಈಗ ಅಕ್ಷರ ಓದೋಣ. ಅಮೆರಿಕಾದಾಗಿರೋ ನಮ್ಮ ಅಕ್ಕನ ಮಗ ಅಲ್ಲಿಯ ಹಳೇ ಬಂದೂಕಿನ ಸಂತಿಗೆ ಹೋಗಿ ಫೋಟೋ ಕಳಿಸಿದ್ದ. "ಮಾವಶಿ, ಇದರ ಮ್ಯಾಲೆ ಇಶಾಪುರ ಅಂತ ಅದ, ನಮ್ಮ ದೇಶದ್ದೇನು?" ಅಂತ ಕೇಳಿದ. ಫೋಟೋ ದೊಡ್ಡದು ಮಾಡಿಕೋತ ಅವನೂ ನಾನೂ ಫೋನಿನಾಗ ಒಂದು ತಾಸು ಓದಿದ್ವಿ.

ಮೊದಲು ನೋಡೋದು, ಹಿಂದಿನ ಕಟಗಿ ಬಂದು ಕಬ್ಬಿಣಕ್ಕ ಕೂಡೋ ಜಾಗಾ, ಬಲಗಡೆ. ಅಲ್ಲೆ ಮ್ಯಾಲೆ ಕಿರೀಟ, ಕೆಳಗ ರಾಜನ ಅಕ್ಷರ, ಅದರ ಕೆಳಗ ಕಾರಖಾನಿ, ಇಸವಿ, ಮಾರ್ಕ್ ಎಷ್ಟು ಅನ್ನೋದು ಇರತದ. "ಇ.ಆರ್." ಇದ್ರ ಎಡ್ವರ್ಡ್ ರಾಜ, ಅಂದ್ರ 1910ರ ತನಕದ್ದು. "ಜಿ.ಆರ್." ಇದ್ರ ಜಾರ್ಜ್. ಇಶಾಪುರದ ಕೆಲವಕ್ಕ "ಜಿ.ಆರ್.ಐ." ಅಂತ ಇರತದ. ಆ "ಐ" ಅಂದ್ರ ಚಕ್ರವರ್ತಿ, ನಮ್ಮ ದೇಶ ಆಳತೀನಿ ಅನ್ನೋದಕ್ಕ ಹಚ್ಚಿದ ಬಾಲ. ನಮಗ ಸ್ವಾತಂತ್ರ್ಯ ಬಂದ ಮ್ಯಾಲೆ ಇಂಗ್ಲೆಂಡಿನ ರಾಜ ಆ ಬಿರುದು ಬಿಟ್ಟ. ಇಶಾಪುರದ ಬಂದೂಕಿನ ಮ್ಯಾಲಿಂದ ಕಿರೀಟ ಹೋಗಿ ಅಶೋಕನ ಸಿಂಹ ಬಂತು, ಕೆಳಗ "ಆರ್.ಎಫ್.ಐ.", ಅಂದ್ರ ರೈಫಲ್ ಫ್ಯಾಕ್ಟರಿ ಇಶಾಪುರ. ಬಂದೂಕು ಅದನ, ತಲಿ ಮ್ಯಾಲಿನ ಗುರ್ತು ಬ್ಯಾರೆ. ಆ ಸಿಂಹ ಇರೋ ಫೋಟೋ ನೋಡಿದಾಗ ನನಗ ಮೈ ಜುಮ್ಮಂತು.

ಎರಡನೇದು ನಂಬರು. ನಳಗಿ, ಬೋಲ್ಟಿನ ಹಿಡಿಕಿ, ಗುರಿ ಪಟ್ಟಿ, ಮೂತಿಯ ಕಬ್ಬಿಣ, ಮುಂದಿನ ಕಟಗಿಯ ಕೆಳಗ, ಹಿಂಗ ಹಲವು ಕಡೆ ಒಂದ ನಂಬರು ಹೊಡದಿರತಾರ. ಎಲ್ಲಾ ಒಂದ ಇದ್ರ ಹುಟ್ಟಿದಂಗ ಉಳದದ ಅಂತ ಬೆಲಿ ಹೆಚ್ಚು. ಬ್ಯಾರೆ ಬ್ಯಾರೆ ಇದ್ರ, ಮುಚ್ಚಳ ಒಂದು ಡಬ್ಬಿದು, ಡಬ್ಬಿ ಇನ್ನೊಂದು ಅಂತ ತಿಳೀಬೇಕು.

ಮೂರನೇದು ಹಿಂದಿನ ಕಟಗಿ. ಇದು ನಿಮಗ ಖುಷಿ ಕೊಡತದ. ಜಂಪರಿಗೆ ಇದ್ದಂಗ ಇದಕ್ಕೂ ಸೈಜು ಇದ್ದವು. ಉದ್ದ ಕೈಯಿನವಗ "ಎಲ್", ಗಿಡ್ಡ ಕೈಯಿನವಗ "ಎಸ್", ಇನ್ನೂ ಸಣ್ಣ ಆಳಿಗೆ "ಬಿ" ಅಂತ ಕಟಗಿ ಮ್ಯಾಲೆ ಒತ್ತಿರತಾರ. ಹಿಂಬದಿಯ ಹಿತ್ತಾಳಿ ತಗಡಿನಾಗ ಒಂದು ಸಣ್ಣ ಬಾಗಲಾ ಅದ. ತಗದ್ರ ಒಳಗ ಎಣ್ಣಿ ಬಾಟ್ಲಿ, ನಳಗಿ ಒರಸೋ ದಾರ. ಮಸಾಲಿ ಡಬ್ಬಿಯೊಳಗ ಚಮಚ ಇಟ್ಟಂಗ. ಹಳೇವಕ್ಕ ಕಟಗಿಯ ಬಲಗಡೆ ಒಂದು ಹಿತ್ತಾಳಿ ಬಿಲ್ಲಿ ಬಡದಿರತಾರ. ಅದರ ಮ್ಯಾಲೆ ಪಲ್ಟನ್ನಿನ ಹೆಸರು. ಅಂಥಾ ಬಿಲ್ಲಿ ಉಳದಿದ್ರ ಆ ಬಂದೂಕು ಯಾವ ಪಲ್ಟನ್ನಿನ ಕೈಯಾಗ ಇತ್ತು ಅಂತ ಹೇಳಲಿಕ್ಕೆ ಬರತದ.

ನಾಕನೇದು ಸಣ್ಣ ಸಣ್ಣ ಗುರ್ತು. ಕಾಗಿ ಕಾಲಿನಂಥಾ ಬಾಣ ಇದ್ರ ಬ್ರಿಟಿಷ್ ಸರಕಾರದ ಸ್ವತ್ತು. ಎರಡು ಬಾಣ ಎದುರಾ ಬದರಾ ಮೂತಿ ಹಚ್ಚಿದ್ರ, ಸೈನ್ಯ ಇದನ್ನ ಮಾರಿ ಕೈ ತೊಳಕೊಂಡದ ಅಂತ ಅರ್ಥ. ಮುಂದಿನ ಕಟಗಿಗೆ, ಕಾಡತೂಸಿನ ಹೊಟ್ಟಿಯ ಹಂತೇಕ, ಅಡ್ಡ ಒಂದು ಸ್ಕ್ರೂ ಹೊಡದಿದ್ರ ಅದು ಇಶಾಪುರದ ಕೈಗುಣ. ಕಟಗಿ ಸೀಳಬಾರದು ಅಂತ ನಮ್ಮವರು ಹಾಕಿದ್ದು.

ಇನ್ನು "ಡಿ.ಪಿ." ಅಂತ ಹೊಡದಿದ್ರ ಡ್ರಿಲ್ ಪರ್ಪಸ್, ಬರೇ ಕವಾಯತಿಗೆ. ಇದು ನನಗ ಗೊತ್ತಿದ್ದ ಗುರ್ತು. ಪಿಯುಸಿ ಓದೋ ಮುಂದ ನಾನು ಎನ್‌ಸಿಸಿ ಸೇರಿದ್ದೆ. ಖಾಕಿ ಹಾಕ್ಕೊಂಡು, ಎರಡು ಜಡಿ ಮಡಚಿ ಕಟ್ಟಿ, ಡಿ.ಪಿ. ರೈಫಲ್ ಹೆಗಲಿಗೇರಿಸಿ ಬಿಸಲಾಗ ನಿಂತ್ರ ಭುಜ ಕೆಂಪಗಾಗತಿತ್ತು. ಗುರಿ ಹೊಡಿಯೋದು ಪಾಯಿಂಟ್ ಟ್ವೆಂಟಿಟೂ ರೈಫಲ್ಲಿನಾಗ. ಅದರ ಸಪ್ಪಳ ಸಣ್ಣದು. ನಮ್ಮ ಅವ್ವ "ಬಂದೂಕು ಹಿಡದ ಹುಡುಗಿನ್ನ ಯಾರು ಮಾಡಕೋತಾರ" ಅಂತ ಅಂದ್ರೂ, ಓಣ್ಯಾಗ ಎಲ್ಲಾರಿಗೂ ಹೇಳಿಕೋತ ತಿರಗತಿದ್ಲು.

ಖೊಟ್ಟಿ ಮಾಲೂ ಇರತದ. ಪೇಶಾವರದ ಹಂತೇಕ ದರ್ರಾ ಆದಮ್ ಖೇಲ್ ಅನ್ನೋ ಊರಾಗ ಎನ್‌ಫೀಲ್ಡ್ ನೋಡಿ ಹಂಗನ ಕೈಯಿಂದ ಮಾಡೋ ಕಮ್ಮಾರರು ಇದ್ದಾರ. ಇಂಗ್ಲಿಷ್ ಓದಲಿಕ್ಕೆ ಬರದವರು ಅಕ್ಷರಾನೂ ಚಿತ್ರ ತಗದಂಗ ತಗೀತಾರ. ಅದಕ್ಕ ಎನ್‌ಫೀಲ್ಡಿನ "ಎನ್" ತಿರುಗಾ ಮುರುಗಾ ಬಿದ್ದಿರತದ, ಸ್ಪೆಲ್ಲಿಂಗ್ ತಪ್ಪಿರತದ. ವಿಕ್ಟೋರಿಯಾ ರಾಣಿಯ "ವಿ.ಆರ್." ಹೊಡದು ಕೆಳಗ 1910, 1915 ಅಂತ ಇಸವಿ ಹಾಕಿರತಾರ. ರಾಣಿ ತೀರಿಕೊಂಡದ್ದು 1901ರ ಜನವರಿಯೊಳಗ. ಖೊಟ್ಟಿ ಇಳಕಲ್ ಸೀರಿಯ ಸೆರಗು ನೋಡಿ ಹಿಡಿಯೋ ನಮ್ಮ ಕಣ್ಣಿಗೆ ಇದೇನು ದೊಡ್ಡದಲ್ಲ.

ಇಷ್ಟೆಲ್ಲಾ ಓದಿ "ಎಷ್ಟು ಚಂದದ್ದು" ಅಂತ ಅನಸತದ. ಆದ್ರ ಅದು ಮಾಡಿದ ಕೆಲಸ ಮರೀಬಾರದು. 1919ರ ಏಪ್ರಿಲ್ 13ಕ್ಕ ಜಲಿಯನ್‌ವಾಲಾ ಬಾಗಿನಾಗ ಡಯರ್ ಹಾರಿಸಿದ 1650 ಗುಂಡು ಹೊರಬಿದ್ದದ್ದು ಇವ ತ್ರೀ ನಾಟ್ ತ್ರೀ ನಳಗಿಯಿಂದ. ಕುದರಿ ಎಳದವರು ನಮ್ಮ ಉಪಖಂಡದ ಸಿಪಾಯಿಗಳ. ಮೊದಲು ನಂಬಿಕಿ ಇಲ್ಲ ಅಂತ ನುಣ್ಣನೆ ನಳಗಿ ಕೊಟ್ಟವರು, ನಂಬಿಕಿ ಬಂದ ಮ್ಯಾಲೆ ಒಳ್ಳೆ ನಳಗಿ ಕೊಟ್ಟು ಯಾರ ಕಡೆ ತಿರುಗಿಸಿದ್ರು ನೋಡ್ರಿ. ಸಂಗ್ರಹ ಮಾಡೋರೂ ಇದನ್ನ ಮರೀಬಾರದು ಅಂತ ನನ್ನ ಮಾತು.

ಸ್ವಾತಂತ್ರ್ಯದ ಮ್ಯಾಲೂ ಇದರ ಆಯುಷ್ಯ ಮುಗೀಲಿಲ್ಲ. 1962ರಾಗ ಚೀನಾ ಎದುರು ನಮ್ಮ ಹುಡುಗರು ಹಿಮಾಲಯದ ಥಂಡಿಯೊಳಗ ಹಿಡದದ್ದು ಇದ ಒಂದೊಂದ ಗುಂಡು ಹಾರಿಸೋ ಹಳೇ ರೈಫಲ್. ಆ ಸೋಲು ಆದ ಮ್ಯಾಲೆ ಇಶಾಪುರದವರು ಇದನ್ನ 7.62 ಮಿಲಿಮೀಟರಿನ ಹೊಸಾ ಕಾಡತೂಸಿಗೆ ಹೊಂದಿಸಿ 2ಎ, 2ಎ1 ಅಂತ ಮಾಡಿದ್ರು. ಅದರ ಕೆಳಗಿನ ಹೊಟ್ಟಿ ಚೌಕ ಇರತದ, 12 ಹಿಡೀತಾವ. ಅವೂ ಮುಂದ ಸರ್ಪ್ಲಸ್ ಆಗಿ ಅಮೆರಿಕಾಕ್ಕ ಹೋದವು. ಪೊಲೀಸರ ಕೈಯಾಗ ತ್ರೀ ನಾಟ್ ತ್ರೀ ಇನ್ನೂ ಭಾಳ ದಿನ ಉಳೀತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಾಗ ಅದಕ್ಕ ಬೀಳ್ಕೊಡುಗಿ ಕೊಟ್ರು.

ಅಗ್ಗಕ್ಕ ಸಿಗೋ ಸೈನ್ಯದ ಹಳೇ ಮಾಲು ಎಂಥಾ ಅನಾಹುತ ಮಾಡತದ ಅನ್ನೋದಕ್ಕ ಅಮೆರಿಕಾದಾಗನ ಒಂದು ಉದಾಹರಣೆ ಅದ. 1963ರಾಗ ಅಧ್ಯಕ್ಷ ಕೆನಡಿಯನ್ನ ಕೊಂದ ರೈಫಲ್, ಇಟಲಿ ಸೈನ್ಯ ಬಿಟ್ಟ ಹಳೇದು. ಟಪಾಲಿನಾಗ, ದುರ್ಬೀನು ಸಮೇತ 19 ಡಾಲರ್ 95 ಸೆಂಟಿಗೆ ತರಿಸಿದ್ದು. ಐದು ವರ್ಷದ ಮ್ಯಾಲೆ, 1968ಕ್ಕ, ಹಂಗ ಟಪಾಲಿನಾಗ ಮಾರೋದಕ್ಕ ಅವರು ಕಾನೂನು ತಂದ್ರು.

ನಮ್ಮ ದೇಶದಾಗ ಪಾಯಿಂಟ್ 303 ಸಾಮಾನ್ಯ ಮಂದಿಗೆ ನಿಷಿದ್ಧ. ಅದಕ್ಕನ ಇಶಾಪುರದವರು ಅದ ಯಂತ್ರ ಇಟ್ಟು ಪಾಯಿಂಟ್ 315 ಅಂತ ಬ್ಯಾರೆ ಅಳತಿಯ ರೈಫಲ್ ಮಾಡಿ ಲೈಸೆನ್ಸ್ ಇದ್ದವರಿಗೆ ಮಾರತಾರ. ಕೊಡಗಿನ ಕೊಡವರಿಗೆ, ಜಮ್ಮಾ ಭೂಮಿ ಇದ್ದವರಿಗೆ ಮಾತ್ರ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯ್ತಿ ನಡದು ಬಂದದ. ಹಲಗಲಿಗೆ ಬೆಂಕಿ, ಕೊಡಗಿಗೆ ವಿನಾಯ್ತಿ, ಎರಡೂ ಒಂದ ಸರಕಾರದ ಲೆಕ್ಕ.

ಇನ್ನ ನಮ್ಮ ಮನಿ ಮಾತು. ಹೊಲದ ಮನಿಯೊಳಗ ಹಂದಿ ಕಾಟಕ್ಕ ಅಂತ ಲೈಸೆನ್ಸ್ ಬಂದೂಕು ಇಟ್ಟವರು ನಮ್ಮ ಬಳಗದಾಗೂ ಇದ್ದಾರ. ಯಜಮಾನರು ತೀರಿಕೊಂಡ್ರ ಲೈಸೆನ್ಸ್ ಅವರ ಜೋಡಿನ ಮುಗೀತು. ಅದು ತಾನ ಹೆಂಡತಿಗೆ, ಮಗಗ ಬರೂದಿಲ್ಲ. ಬಂದೂಕು ಪೊಲೀಸ್ ಠಾಣೆಗೋ, ಲೈಸೆನ್ಸ್ ಇರೋ ಅಂಗಡಿಗೋ ಒಪ್ಪಿಸಿ ಪಾವತಿ ತಗೋಬೇಕು. ಬೇಕಾದ್ರ ಆಮ್ಯಾಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. 2019ರ ತಿದ್ದುಪಡಿ ಆದ ಮ್ಯಾಲೆ ಒಬ್ಬರ ಹೆಸರಿಗೆ ಎರಡಕ್ಕಿಂತ ಹೆಚ್ಚು ಇಡೋ ಹಂಗಿಲ್ಲ, ಹಿರಿಯರಿಂದ ಬಂದದ್ದು ಆದ್ರೂ ಅಷ್ಟ. ದುಃಖದ ಮನಿಯೊಳಗ ಇದು ಯಾರಿಗೂ ನೆನಪಾಗೂದಿಲ್ಲ. ಬಂದೂಕು ತಿಜೂರಿ ಹಿಂದ ನಿಂತಿರತದ, ಗುನ್ಹೆ ಮಾತ್ರ ಮನ್ಯಾಗ ಇದ್ದವರ ತಲಿ ಮ್ಯಾಲೆ ಬರತದ.

ಅಟ್ಟದ ಮ್ಯಾಲೆ ಹಳೇದು ಸಿಕ್ರ ಅದರಾಗ ಗುಂಡು ಅದ ಅಂತನ ತಿಳೀರಿ. ಮಕ್ಕಳನ್ನ ದೂರ ಕಳಸ್ರಿ, ಕುದರಿ ಮುಟ್ಟಬ್ಯಾಡ್ರಿ, ಯಾರ ಕಡೆನೂ ಮೂತಿ ಮಾಡಬ್ಯಾಡ್ರಿ. ಅದನ್ನ ಹೊತಗೊಂಡು ರಸ್ತೆಕ್ಕ ಇಳೀಬ್ಯಾಡ್ರಿ, ಠಾಣೆಗೆ ಫೋನ್ ಮಾಡಿ ಅವರನ್ನ ಕರಸ್ರಿ. ರಿಪೇರಿ ಮಾಡಿದ್ರೂ ನಡೀಲಾರದ ಪುರಾತನ ಬಂದೂಕಿಗೆ ಕಾಯ್ದೆಯೊಳಗ ವಿನಾಯ್ತಿ ಅದ, ಆದ್ರ ಅದನ್ನ ಠರಾವು ಮಾಡೋರು ಅಧಿಕಾರಿಗಳು, ನಾವಲ್ಲ. ಮತ್ತ ಕೈ ಮುಗದು ಹೇಳತೀನಿ, ಹುಣಸಿಹಣ್ಣು, ಉಸುಕಿನ ಕಾಗದ ಹಚ್ಚಿ ತಿಕ್ಕಬ್ಯಾಡ್ರಿ. ತಿಕ್ಕಿದ್ರ ಹಿತ್ತಾಳಿ ಹೊಳೀತದ, ಅಕ್ಷರ ಹೋಗತದ. ಅಕ್ಷರ ಹೋದ ಮ್ಯಾಲೆ ಅದು ಬರೇ ತುಕ್ಕು ಹಿಡದ ಕಬ್ಬಿಣ.

ಮನ್ಯಾಗ ಲೈಸೆನ್ಸ್ ಬಂದೂಕು ಇದ್ದವರು ಇವತ್ತ ಸಂಜೀಕ ಚಹಾ ಕೊಡೋ ಮುಂದ ಗಂಡಸರಿಗೆ ಮೂರು ಮಾತು ಕೇಳ್ರಿ. ಲೈಸೆನ್ಸ್ ಪುಸ್ತಕ ಎಲ್ಲೆ ಇಟ್ಟೀರಿ? ಯಾರ ಹೆಸರಿನಾಗ ಅದ? ಯಾವ ತಾರೀಖಿನ ತನಕ ಅದ? ಉತ್ತರ ಕ್ಯಾಲೆಂಡರಿನ ಹಿಂದ ಬರದು ಇಡ್ರಿ.